ಊಟದ ಕರೆ

ಶಿಕ್ಷಕರ ತರಬೇತಿಗೆ ಸೇರಿದ ವರ್ಷ ನಮಗೆ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು ಒಂದು ದಿನ ಕಪ್ಪುಹಲಗೆಯ ಮೇಲೆ ಮೆಟ್ಟಿಲು ಬರೆದರು. ಎಲ್ಲಕ್ಕಿಂತ ಕೆಳಗೆ ಅನ್ನ, ನೀರು, ನಿದ್ದೆ. ಅದರ ಮೇಲೆ ಸೂರು. ಅದರ ಮೇಲೆ ನಂಟು, ಪ್ರೀತಿ. ಅದಕ್ಕೂ ಮೇಲೆ ಮರ್ಯಾದೆ. ಕೆಳಗಿನದು ತುಂಬದೆ ಮನುಷ್ಯ ಮೇಲಿನ ಮೆಟ್ಟಿಲಿಗೆ ಕಾಲಿಡುವುದಿಲ್ಲ, ಹಸಿದವನಿಗೆ ಮಾನದ ಚಿಂತೆ ಇರುವುದಿಲ್ಲ ಎಂದರು. ನಾನು ಅಚ್ಚುಕಟ್ಟಾಗಿ ಬರೆದುಕೊಂಡೆ. ಆಗೆಲ್ಲ ಯಾರು ಏನು ಹೇಳಿದರೂ ಅದನ್ನು ಹಲಗೆಯ ಮೇಲೆ ಬರೆದರೆ ಸಾಕು, ನಾನು ನಂಬಿಬಿಡುತ್ತಿದ್ದೆ. ಈ ಗುಣ ನನಗೆ ಅಪ್ಪನಿಂದ ಬಂದದ್ದು.

ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ತರೀಕೆರೆ, ಅಜ್ಜಂಪುರ, ಕಡೂರು ಎಂದು ಅದೇ ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ವರ್ಗವಾಗುತ್ತ ಜೀವನ ಸವೆಸಿದವರು. ಅಜ್ಜಂಪುರದಲ್ಲಿದ್ದಾಗ ಅಲ್ಲಿಯ ಹುಡುಗಿಯನ್ನೇ, ಅಂದರೆ ನಮ್ಮವ್ವನನ್ನು, ಮದುವೆಯಾದರು. ಅಚ್ಚಾದದ್ದರ ಮೇಲೆ ಅಪ್ಪನಿಗೆ ಅಪಾರ ಭಕ್ತಿ. ವೇಳಾಪಟ್ಟಿಯಲ್ಲಿ ಗಾಡಿ ಬರುತ್ತದೆ ಎಂದಿದ್ದರೆ ಬರುತ್ತದೆ. ಬರದಿದ್ದರೆ ತಪ್ಪು ಗಾಡಿಯದು, ಪಟ್ಟಿಯದಲ್ಲ. ಗಾಡಿ ಎಷ್ಟು ಹೊತ್ತಾದರೂ ಬರದೆ ಜನ ಪ್ಲಾಟ್‌ಫಾರಮ್ಮಿನಲ್ಲಿ ತೂಕಡಿಸುತ್ತಿದ್ದಾಗಲೂ ಅವರು ಗೋಡೆಯ ಮೇಲಿನ ಪಟ್ಟಿಯನ್ನು ಬೆರಳಿಟ್ಟು ತೋರಿಸುವುದನ್ನು ನಾನೇ ನೋಡಿದ್ದೇನೆ.

ನಿವೃತ್ತಿ ಹತ್ತಿರ ಬಂದಾಗ ಅಪ್ಪ ತಮ್ಮ ಹುಟ್ಟೂರಿನಲ್ಲಿ ಮನೆ ಕಟ್ಟಿಸಿದರು. ಕಡೂರಿನಿಂದ ಪಂಚನಹಳ್ಳಿ ಕಡೆಯ ಬಸ್ಸು ಹತ್ತಿ, ಕೈಕಂಬದ ಹತ್ತಿರ ಇಳಿದು, ತೆಂಗಿನ ತೋಟಗಳ ನಡುವೆ ಸ್ವಲ್ಪ ದೂರ ನಡೆದರೆ ಆ ಊರು. ಕಡೂರಿನಲ್ಲೇ ಒಂದು ಸೈಟು ನೋಡೋಣ ಎಂದು ಅವ್ವ ಹೇಳಿ ನೋಡಿದಳು. ನೀರಿದೆ, ಆಸ್ಪತ್ರೆ ಇದೆ, ಸಂತೆ ಇದೆ ಎಂದಳು. ಅಪ್ಪ ಕೇಳಲಿಲ್ಲ. 'ಕ್ವಾರ್ಟರ್ಸ್‌ನಲ್ಲಿ ಇದ್ದದ್ದು ಸಾಕು. ಅಲ್ಲಿ ಇವತ್ತು ನಾವು, ನಾಳೆ ಇನ್ನೊಬ್ರು. ನಮ್ಮ ಊರು ಅಂತ ಒಂದು ಬೇಡ್ವಾ?' ಎಂದರು. ಆದರೆ ಅವರು ಊರು ಬಿಟ್ಟಾಗ ಇನ್ನೂ ಮೀಸೆ ಮೂಡಿರಲಿಲ್ಲ. ಆಮೇಲೆ ಹಬ್ಬಕ್ಕೋ ಸಾವಿಗೋ ಬಂದು, ದೊಡ್ಡಪ್ಪನ ಮನೆಯಲ್ಲಿ ಇಳಿದುಕೊಂಡು, ಮರುದಿನ ಬಸ್ಸು ಹಿಡಿಯುತ್ತಿದ್ದರು. ಊರಿನವರು ಅವರನ್ನು ಬಾಯ್ತುಂಬ ಮಾತಾಡಿಸುತ್ತಿದ್ದರು, ಆದರೆ 'ಕಡೂರಿನೋರು ಬಂದವ್ರೆ' ಎಂದೇ ಹೇಳುತ್ತಿದ್ದರು. ಆ ಮಾತು ಅಪ್ಪನಿಗೆ ಚುಚ್ಚುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಗೃಹಪ್ರವೇಶಕ್ಕೆ ಕಡೂರಿನ ಪ್ರೆಸ್ಸಿನಲ್ಲಿ ಕಾರ್ಡು ಮಾಡಿಸಿದರು. ಹಳದಿ ಕಾರ್ಡು, ಕೆಂಪು ಅಕ್ಷರ, ಮೂಲೆಯಲ್ಲಿ ಕಳಶ. ಕೆಳಗೆ ದಪ್ಪ ಅಕ್ಷರದಲ್ಲಿ 'ಭೋಜನ: ಮಧ್ಯಾಹ್ನ 12.30ಕ್ಕೆ ಸರಿಯಾಗಿ' ಎಂದು ಹಾಕಿಸಿದ್ದರು. ಆ 'ಸರಿಯಾಗಿ' ಅಪ್ಪನದೇ. ಪ್ರೆಸ್ಸಿನವನು ಮೊದಲು ಹಾಕಿರಲಿಲ್ಲವಂತೆ, ಮತ್ತೆ ಹೋಗಿ ಸೇರಿಸಿ ಬಂದರು. ಊರಿನ ಒಂದು ಮನೆಯನ್ನೂ ಬಿಡದೆ ತಾವೇ ಹೋಗಿ ಕಾರ್ಡು ಕೊಟ್ಟು, ಕೈ ಮುಗಿದು ಬಂದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಊರುಗಳಲ್ಲಿ ಒಂದು ಊಟಕ್ಕೆ ಎರಡು ಸಲ ಕರೆಯಬೇಕು. ಮೊದಲನೆಯದು, ಇಂಥ ದಿನ ನಮ್ಮ ಮನೆಯಲ್ಲಿ ಇಂಥ ಕಾರ್ಯ, ಬನ್ನಿ ಎಂದು ಮುಂಚಿತವಾಗಿ. ಎರಡನೆಯದು ಅದೇ ದಿನ, ಅಡಿಗೆ ಇಳಿದು ಎಲೆ ಹಾಸಿದ ಮೇಲೆ. ಆಗ ಆ ಮನೆಯವರೇ ಯಾರಾದರೂ, ಹೆಗಲ ಮೇಲೆ ಟವಲ್ಲು ಹಾಕಿಕೊಂಡು, ಬಾಗಿಲು ಬಾಗಿಲಿಗೆ ಹೋಗಿ 'ಎಲೆ ಹಾಕೈತೆ, ಏಳಿ' ಎನ್ನಬೇಕು. ಹೆಂಗಸರನ್ನು ಹೆಂಗಸರೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಈ ಎರಡನೆಯ ಕರೆ ಬಾರದೆ ಯಾರೂ ಜಾಗ ಬಿಟ್ಟು ಏಳುವುದಿಲ್ಲ.

ಗೃಹಪ್ರವೇಶದ ಹಿಂದಿನ ದಿನ ದೊಡ್ಡಪ್ಪ ಬಂದು, ಚಪ್ಪರದ ಗಳು ಅಲ್ಲಾಡಿಸಿ ನೋಡುತ್ತ, 'ಊಟಕ್ಕೆ ಕರಿಯಕ್ಕೆ ಯಾರ್ನ ಇಟ್ಟಿದೀಯೋ?' ಎಂದು ಕೇಳಿದರು.

'ಕಾರ್ಡಲ್ಲೇ ಟೈಮ್ ಹಾಕ್ಸಿದೀನಲ್ಲ ಅಣ್ಣ' ಎಂದರು ಅಪ್ಪ. 'ಹಳೇ ಕಾಲದಲ್ಲಿ ಗಡಿಯಾರ ಇರ್ಲಿಲ್ಲ, ಕರೀತಿದ್ರು. ಈಗ ಯಾರ ಮನೇಲಿ ಗಡಿಯಾರ ಇಲ್ಲ ಹೇಳು.'

ದೊಡ್ಡಪ್ಪ 'ಹೂಂ, ಸರಿ' ಎಂದರು. ಅವರು ಹೂಂ ಎಂದರೆ ಒಪ್ಪಿದರೆಂದಲ್ಲ, ಇನ್ನು ಮಾತು ಮುಗಿಯಿತು ಎಂದು. ಒಳಗಿನಿಂದ ಕೇಳಿಸಿಕೊಂಡ ಅವ್ವ, 'ಒಂದ್ಮಾತು ಕರೆಸಿಬಿಡಿ, ಏನು ಗಂಟು ಹೋಗೋದು' ಎಂದಳು. ಅಪ್ಪ, 'ಹೊಟ್ಟೆ ಹಸಿದ್ರೆ ತಾವಾಗೇ ಬರ್ತಾರೆ ಬಿಡೇ' ಎಂದರು. ನಾನೂ ಮಧ್ಯೆ ಬಾಯಿ ಹಾಕಿ ಮೆಟ್ಟಿಲಿನ ಪಾಠ ಒಪ್ಪಿಸಿದೆ. ಅಪ್ಪನಿಗೆ ಬಹಳ ಖುಷಿಯಾಯಿತು. 'ನೋಡು, ಪುಸ್ತಕದಲ್ಲೂ ಹಂಗೇ ಇದೆ' ಎಂದು ಅವ್ವನಿಗೆ ತೋರಿಸಿದರು.

ಮರುದಿನ ಬೆಳಿಗ್ಗೆ ಎಲ್ಲ ಸಾಂಗವಾಗಿ ನಡೆಯಿತು. ಹಾಲು ಉಕ್ಕಿಸಿದೆವು. ಅಯ್ಯನವರು ಪೂಜೆ ಮಾಡಿಸಿ, ಊಟ ಮುಗಿಸಿ, ಹರಸಿ ಹೋದರು. ದೊಡ್ಡಪ್ಪ ಪೂಜೆಯುದ್ದಕ್ಕೂ ಇದ್ದವರು 'ಬಟ್ಟೆ ಬದಲಾಯಿಸ್ಕೊಂಡು ಬತ್ತೀನಿ' ಎಂದು ಮನೆಗೆ ಹೋದರು. ಅಜ್ಜಂಪುರದ ಸೋದರಮಾವ ಅಡಿಗೆಯ ಉಸ್ತುವಾರಿ ವಹಿಸಿಕೊಂಡಿದ್ದರು. ಹೋಳಿಗೆ, ಕಾಯಿಹಾಲು, ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ. ಹೋಳಿಗೆ ಸಾರಿನ ಒಗ್ಗರಣೆಯ ಘಮ ಊರಿನ ಆ ತುದಿಯವರೆಗೆ ಹೋಗಿರಬೇಕು. ಹನ್ನೆರಡೂವರೆಗೆ ಮುಂಚೆಯೇ ಚಪ್ಪರದ ತುಂಬ ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪು ಬಡಿಸಿಬಿಟ್ಟರು.

ಹನ್ನೆರಡೂವರೆಗೆ ಸರಿಯಾಗಿ ಬಂದದ್ದು ಒಂದೇ ಮನೆಯವರು. ಅಪ್ಪನ ಜೊತೆ ಕಡೂರು ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಸಾಹೇಬರು, ಹೆಂಡತಿ ಮಕ್ಕಳ ಸಮೇತ. ಅವರೂ ರೈಲ್ವೆಯವರೇ ತಾನೆ, ಟೈಮೆಂದರೆ ಟೈಮು. ಖಾಲಿ ಪಂಕ್ತಿಗಳನ್ನು ನೋಡಿ, 'ಇದೇನ್ ಸಾರ್, ಗಾಡಿ ಲೇಟಾ?' ಎಂದು ನಗೆಯಾಡಿದರು. ಅಪ್ಪನೂ ನಕ್ಕರು. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಎಲೆಯ ಮೇಲಿನ ಉಪ್ಪು ನೀರಾಗತೊಡಗಿತು. ಸೋದರಮಾವ ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, 'ಭಾವ, ಹೋಳಿಗೆ ಆರ್ತಾ ಅವೆ' ಎಂದರು. ಸಾಹೇಬರ ಮನೆಯವರಿಗಾದರೂ ಬಡಿಸೋಣವೆಂದರೆ ಅವರು ಸುತರಾಂ ಒಪ್ಪಲಿಲ್ಲ. 'ಊರಿನೋರು ಕೂರದೆ ನಾವು ಕೈ ತೊಳೆಯೋದಾ? ಅದೆಲ್ಲ ಬ್ಯಾಡಿ ಸಾರ್' ಎಂದರು. ಅವರ ಸಣ್ಣ ಮಗಳು ಹಪ್ಪಳದ ಬುಟ್ಟಿಯನ್ನೇ ನೋಡುತ್ತಿದ್ದಳು. ಅವ್ವ ಸುಮ್ಮನೆ ಹೋಗಿ ಅವಳ ಕೈಗೆ ಒಂದು ಹಪ್ಪಳ ತುರುಕಿ ಬಂದಳು.

ಅಪ್ಪ ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ದಾರಿ ನೋಡತೊಡಗಿದರು, ಕೊನೆಗೆ ಎರಡನ್ನೂ ನೋಡುವುದನ್ನು ಬಿಟ್ಟು ಒಳಗಿನ ಕೋಣೆಯಲ್ಲಿ ಹೋಗಿ ಕೂತರು. ಹೊಸ ಸುಣ್ಣದ ವಾಸನೆಯ ಕೋಣೆ, ಇನ್ನೂ ಸಾಮಾನು ಬಂದಿರಲಿಲ್ಲ, ಬರಿ ನೆಲದ ಮೇಲೆ ಕೂತಿದ್ದರು. ಅವ್ವ ಬಾಗಿಲಲ್ಲಿ ನಿಂತು, 'ಹೊಟ್ಟೆ ಹಸಿದ್ರೆ ಬರ್ತಾರೆ ಅಂದ್ರಲ್ಲ' ಎಂದು ಶುರುಮಾಡಿದವಳು, ಅವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

'ಈಗ್ಲಾದ್ರೂ ಹೋಗಿ ಕರೀರಿ' ಎಂದಳು.

'ಅದಲ್ಲ ಕಣೇ. ಕರೆ ಒಂದು ನೆಪ. ಬರೋ ಮನಸ್ಸಿದ್ದಿದ್ರೆ ಬಂದಿರೋರು.' ಅಪ್ಪನ ದನಿ ಸಣ್ಣದಾಗಿತ್ತು. 'ನಾನು ಈ ಊರಿನೋನಲ್ಲ ಅಂತ ಎಲ್ಲಾ ಸೇರಿ ತೀರ್ಮಾನ ಮಾಡಿದಾರೆ. ಈಗ ಹೋಗಿ ಕರೆದೆ ಅಂತ ಇಟ್ಕೋ. ಆಗ್ಲೂ ಬರ್ಲಿಲ್ಲ ಅಂದ್ರೆ? ಅಷ್ಟೇ, ಬೀಗ ಹಾಕ್ಕೊಂಡು ಕಡೂರಿಗೇ ಹೋಗೋದು.'

ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಗಾಡಿ ಬಾರದಿದ್ದರೂ ಕುಗ್ಗದ ಮನುಷ್ಯ ಹೀಗೆ ಗೋಡೆಗೆ ಒರಗಿ ಕೂತಿರುವುದನ್ನು ನಾನು ಕಂಡೇ ಇರಲಿಲ್ಲ. ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಊರಿನವರಿಗೆ ಎರಡು ಮಾತು ಹೇಳಿಯೇ ಬರುವುದೆಂದು ಬಾಯಲ್ಲಿ ಸಿದ್ಧಮಾಡಿಕೊಂಡೇ ಹೋದೆ.

ಬೀದಿಗೆ ಕಾಲಿಟ್ಟರೆ ಹೇಳಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು. ಪ್ರತಿ ಮನೆಯ ಜಗಲಿಯ ಮೇಲೂ ಗಂಡಸರು ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಧರಿಸಿ, ಗೊಂಬೆಗಳನ್ನು ಜೋಡಿಸಿಟ್ಟ ಹಾಗೆ ಕೂತಿದ್ದಾರೆ. ಒಳಗೆ ಹೆಂಗಸರು ಪೆಟ್ಟಿಗೆಯ ತಳದಿಂದ ತೆಗೆದ ಸೀರೆ ಉಟ್ಟು, ಹೂ ಮುಡಿದು, ಕಂಬಕ್ಕೆ ಒರಗಿದ್ದಾರೆ. ಎಲ್ಲೂ ಅಡಿಗೆಯ ಸುದ್ದಿಯಿಲ್ಲ, ಯಾವ ಹೆಂಚಿನ ಸಂದಿಯಿಂದಲೂ ಹೊಗೆಯಿಲ್ಲ. ಒಂದು ಮನೆಯಲ್ಲಿ ಮಗು ರಚ್ಚೆ ಹಿಡಿದಿತ್ತು. ಅದರ ತಾಯಿ ಬೆಲ್ಲದ ಚೂರು ಬಾಯಿಗಿಟ್ಟು, 'ಕರೀತಾರೆ ತಡ್ಕಳೋ, ಈಗ ಕರೀತಾರೆ' ಎಂದು ತಟ್ಟುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಇಡೀ ಬೀದಿ ಅದನ್ನೇ ಮಾಡಿಕೊಂಡು ಕೂತಿತ್ತು. ಎಲ್ಲರೂ ನನ್ನನ್ನು ಕಣ್ಣರಳಿಸಿ ನೋಡುವುದು, ನಾನು ಏನೂ ಹೇಳದೆ ಮುಂದೆ ಹೋಗುವುದು, ಅವರು ಮತ್ತೆ ಗೋಡೆಗೆ ಒರಗುವುದು.

ದೊಡ್ಡಪ್ಪನೂ ತಮ್ಮ ಜಗಲಿಯ ಮೇಲೆ ಹಾಗೇ ಕೂತಿದ್ದರು. ಬಟ್ಟೆ ಬದಲಾಯಿಸಿ ಆಗಲೇ ಎಷ್ಟು ಹೊತ್ತಾಗಿತ್ತೋ.

'ಅಡಿಗೆ ಆಯ್ತೇನವ್ವಾ?' ಎಂದು ಕೇಳಿದರು.

'ಯಾವಾಗ್ಲೋ ಆಯ್ತು ದೊಡ್ಡಪ್ಪ. ಕಾದು ಕಾದು ಸಾಕಾಯ್ತು. ಯಾಕೆ ಒಬ್ರೂ ಬರ್ಲಿಲ್ಲ?'

'ಯಾರು ಕರೆದ್ರು?'

'ಕಾರ್ಡ್ ಕೊಟ್ಟಿದ್ರಲ್ಲ!'

'ಕೊಟ್ಟವ್ನೆ. ಚೆನ್ನಾಗೈತೆ. ಗೂಡಲ್ಲಿ ಇಟ್ಟಿದೀನಿ' ಎಂದರು ದೊಡ್ಡಪ್ಪ. 'ಆ ಕಾಗ್ದ ಎದ್ದು ಬಂದು, ಎಲೆ ಹಾಕೈತೆ ಏಳಣ್ಣ ಅಂತ ಕರೀತದೇನವ್ವಾ?'

'ನಿಮಗೆ ಹಸಿವಾಗ್ತಿಲ್ವಾ?'

'ಹೊಟ್ಟೆ ಚುರುಗುಟ್ತಾ ಐತೆ. ನಿಮ್ಮ ಹೋಳಿಗೆ ಸಾರಿನ ವಾಸ್ನೆ ಬೇರೆ ಇಲ್ಲಿಗಂಟ ಬತ್ತಾ ಐತೆ. ಆದ್ರೆ ಕರೀದೆ ಹೋಗಿ ಎಲೆ ಮುಂದೆ ಕೂತ್ರೆ ತುತ್ತು ಗಂಟ್ಲಲ್ಲಿ ಇಳಿಯಲ್ಲ ಕಣವ್ವ.'

'ಸ್ವಂತ ತಮ್ಮನ ಮನೆ ಅಲ್ವಾ ದೊಡ್ಡಪ್ಪ?'

'ತಮ್ಮ ಆಗಿರೋದ್ಕೇ ಕಣವ್ವ. ಬೇರೆಯೋನಾಗಿದ್ರೆ ಹೋಗಿ ಉಂಡು ಬಂದ್ಬಿಡ್ತಿದ್ನೇನೋ.' ಆಮೇಲೆ, 'ಅವ್ನು ಊರೊಳಕ್ಕೆ ಬಂದವ್ನೋ, ಊರ ಪಕ್ಕ ಬರೀ ಮನೆ ಕಟ್ಟವ್ನೋ, ಅದು ನಮಗೂ ಗೊತ್ತಾಗ್ಬೇಕಲ್ವಾ?' ಎಂದರು. ಹಾಗೆನ್ನುವಾಗ ಅವರು ನನ್ನ ಮುಖ ನೋಡಲಿಲ್ಲ.

ನಾನು ಬಂದ ದಾರಿಯಲ್ಲೇ ಓಡಿದೆ. ಅಪ್ಪ ಇನ್ನೂ ಅದೇ ಗೋಡೆಗೆ ಒರಗಿದ್ದರು. ಏದುಸಿರು ಬಿಡುತ್ತಲೇ, 'ಅಪ್ಪಾ, ಊರಲ್ಲಿ ಒಂದು ಮನೇಲೂ ಒಲೆ ಹಚ್ಚಿಲ್ಲ' ಎಂದೆ.

ಅಪ್ಪ ತಲೆ ಎತ್ತಿದರು. 'ಏನಂದೆ?'

'ಯಾರ ಮನೇಲೂ ಅಡಿಗೆ ಮಾಡಿಲ್ಲ. ಎಲ್ರೂ ಒಳ್ಳೇ ಬಟ್ಟೆ ಹಾಕ್ಕೊಂಡು ಜಗಲಿ ಮೇಲೆ ಕೂತಿದಾರೆ. ದೊಡ್ಡಪ್ಪನೂ. ಕರೆಯೋದನ್ನೇ ಕಾಯ್ತಾ ಇದಾರೆ.'

ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿದರು. ಊಟಕ್ಕೆ ಬರುವ ಮನಸ್ಸಿಲ್ಲದವರು ಒಲೆಯನ್ನೇಕೆ ಆರಿಸಿಟ್ಟುಕೊಂಡಾರು? ಹೊಸ ಷರ್ಟಿನ ಬೆನ್ನಿಗೆ ಸುಣ್ಣ ಮೆತ್ತಿಕೊಂಡಿದ್ದನ್ನೂ ನೋಡದೆ ಎದ್ದರು. ಅವ್ವನ ಕೈಯಿಂದ ಟವಲ್ಲು ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಇಳಿದರು. ಹಿಂದೆಯೇ ಕುಂಕುಮದ ಭರಣಿ ಹಿಡಿದು ಅವ್ವ, ಅವಳ ಹಿಂದೆ ಹೂವಿನ ತಟ್ಟೆ ಹಿಡಿದು ನಾನು.

ಮೊದಲ ಮನೆಯ ಮುಂದೆ ಅಪ್ಪ ನಿಂತು ಟವಲ್ಲು ಸರಿಮಾಡಿಕೊಂಡರು. ಆಮೇಲೆ ಮೆಲ್ಲಗೆ, 'ಎಲೆ ಹಾಕಿದೆ... ಬರಬೇಕು' ಎಂದರು, ಆಫೀಸಿನಲ್ಲಿ ಅರ್ಜಿ ಓದುವ ದನಿಯಲ್ಲಿ. ಆ ಮನೆಯ ಯಜಮಾನ, ಮಧ್ಯಾಹ್ನವಿಡೀ ಬರೀ ಹೊಟ್ಟೆಯಲ್ಲಿ ಕೂತವನು, ಎದ್ದು ಓಡುತ್ತಾನೆ ಅಂದುಕೊಂಡರೆ, ಬಿಂಕದಿಂದ ಮೀಸೆ ಸವರಿ, 'ಆಯ್ತು, ನಡೀರಿ, ಬತ್ತೀವಿ' ಎಂದ. ಬೀದಿ ಮುಗಿಯುವ ಹೊತ್ತಿಗೆ ಅಪ್ಪನ ದನಿ ಏರಿತ್ತು. 'ಏಳಪ್ಪಾ ಏಳಪ್ಪಾ, ಎಲೆ ಹಾಕೈತೆ! ಲೇ, ನಿಮ್ಮಪ್ಪನ್ನೂ ಏಳ್ಸೋ!' ಎಂದು ಕೂಗುತ್ತ ಹೋಗುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅಪ್ಪ 'ಐತೆ' ಅಂದದ್ದನ್ನು ಕೇಳಿರಲಿಲ್ಲ. ಕ್ವಾರ್ಟರ್ಸ್‌ನಲ್ಲಿ ಅವರು 'ಇದೆ' ಎಂದೇ ಹೇಳುತ್ತಿದ್ದದ್ದು.

ದೊಡ್ಡಪ್ಪನ ಜಗಲಿಯ ಮುಂದೆ ನಿಂತು ಅಪ್ಪ ಕೈ ಚಾಚಿದರು. ದೊಡ್ಡಪ್ಪ ಆ ಕೈ ಹಿಡಿದುಕೊಂಡು, ಮಂಡಿ ನೋವಿಗೆ ಸ್ವಲ್ಪ ನರಳಿ, ಮೇಲೆದ್ದರು. 'ಉಪ್ಪು ಹಾಕಿದೀಯೇನೋ ಸಾರಿಗೆ, ಇಲ್ಲ ಅದನ್ನೂ ಕಾರ್ಡಲ್ಲೇ ಹಾಕ್ಸಿದೀಯೋ?' ಎಂದು ಕೇಳಿದರು. ಬೀದಿಯೆಲ್ಲ ನಕ್ಕಿತು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ನಮ್ಮ ಚಪ್ಪರದಲ್ಲಿ ನಡೆದದ್ದನ್ನು ಊಟ ಅನ್ನುವುದಕ್ಕಿಂತ ಸುಗ್ಗಿ ಅನ್ನಬೇಕು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅನ್ನುತ್ತಾರೆ. ಆರಿದ ಹೋಳಿಗೆಯನ್ನು ಯಾರೂ ಆರಿದೆ ಅನ್ನಲಿಲ್ಲ. ಸಾಹೇಬರು ಅಂಗಿಯ ತೋಳು ಮಡಚಿ, ತಾವೂ ಒಂದು ಪಂಕ್ತಿಗೆ ನೀರು ಬಡಿಸಿ, ದೊಡ್ಡಪ್ಪನ ಪಕ್ಕದಲ್ಲೇ ಕೂತು ಉಂಡರು. ಸೋದರಮಾವ ಕೊನೆಗೆ ಅನ್ನಕ್ಕೆ ಇನ್ನೊಂದು ಎಸರು ಇಡಬೇಕಾಯಿತು.

ತರಬೇತಿಯ ಪರೀಕ್ಷೆಯಲ್ಲಿ ಆ ಮೆಟ್ಟಿಲುಗಳ ಪ್ರಶ್ನೆಯೇ ಬಂತು. ನಾನು ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ, ಅನ್ನ ಕೆಳಗೆ ಮರ್ಯಾದೆ ಮೇಲೆ ಎಂದು ಬರೆದೆ. ಪಾಸಾಗಬೇಕಿತ್ತಲ್ಲ. ನಮ್ಮೂರಿನ ಬೀದಿಯಲ್ಲಿ ಆ ಮೆಟ್ಟಿಲು ತಲೆಕೆಳಗಾಗಿ ನಿಂತಿದ್ದನ್ನು ಕಂಡಿದ್ದೇನೆ ಎಂದು ಬರೆದಿದ್ದರೆ ಯಾರು ಮಾರ್ಕ್ಸ್ ಕೊಡುತ್ತಿದ್ದರು? ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೂ ನನಗೆ ಆ ಲೆಕ್ಕ ಪೂರ್ತಿ ಬಗೆಹರಿದಿಲ್ಲ. ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಕೂತ ಹುಡುಗಿಯನ್ನು ಕಂಡರೆ, ಹಸಿವಿಲ್ಲವೇನೇ ಎಂದು ನಾನು ಕೇಳುವುದಿಲ್ಲ. ಪಕ್ಕದಲ್ಲಿ ಕೂರಲು ಯಾರಾದರೂ ಕರೆದರೇ ಎಂದು ನೋಡುತ್ತೇನೆ.

ಅಪ್ಪ ಅವ್ವ ಆ ಮನೆಗೆ ಬಂದು ನೆಲೆಸಿದ ಮೇಲೆ ನಾನು ರಜೆಗೆಂದು ಹೋಗಿದ್ದೆ. ಮೇಲಿನ ಬೀದಿಯ ಒಂದು ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಹಿಂದಿನ ದಿನವೇ ಬಂದು ಹೇಳಿ ಹೋಗಿದ್ದರು. ಅಪ್ಪ ಬೆಳಿಗ್ಗೆ ಬೇಗ ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿ ಪಂಚೆ ಉಟ್ಟು, ಜಗಲಿಯ ಮೇಲೆ ಪೇಪರು ಹಿಡಿದು ಕೂತರು. ಅವ್ವ ಒಲೆ ಹಚ್ಚಲಿಲ್ಲ. ಮಧ್ಯಾಹ್ನವಾಯಿತು. ಮೇಲಿನ ಬೀದಿಯ ಕಡೆಯಿಂದ ಪಾಯಸದ ಘಮ ಬಂತು. ಅಪ್ಪ ಪೇಪರಿನ ಒಂದೇ ಪುಟವನ್ನು ಮತ್ತೆ ಮತ್ತೆ ಮಡಚುತ್ತಿದ್ದರು.

'ನಿನ್ನೇನೇ ಹೇಳವ್ರಲ್ಲ, ಹೋಗ್ಬನ್ನಿ. ಮನೇಲಿ ಗಡಿಯಾರ ಇಲ್ವಾ?' ಎಂದು ಅವ್ವ ಒಳಗಿನಿಂದ ಕೆಣಕಿದಳು.

ಅಪ್ಪ ಪೇಪರಿನ ಪುಟ ತಿರುಗಿಸಿದರು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಅವರು ಬೀದಿಯ ತಿರುವನ್ನೇ ನೋಡುತ್ತಿದ್ದದ್ದನ್ನು ಕಂಡು ನಗು ನಿಂತಿತು. ಇಷ್ಟು ವರ್ಷ ಊರಿಗೆ ಬಂದಾಗಲೆಲ್ಲ ಕರೆ ಬರುತ್ತಿದ್ದದ್ದು ದೊಡ್ಡಪ್ಪನ ಮನೆಗೆ. ಆ ಮನೆಯವರ ಜೊತೆ ಇವರೂ ಎದ್ದು ಹೋಗುತ್ತಿದ್ದರು. ಈಗ ಈ ಬಾಗಿಲಿಗೆ ಬೇರೆಯಾಗಿ ಕರೆ ಬರಬೇಕು. ನಮ್ಮ ಕಾರ್ಯಕ್ಕೆ ಊರು ಬಂದು ಉಂಡಿದ್ದು ನಿಜ, ಆದರೆ ಊರು ತನ್ನ ಕಾರ್ಯಕ್ಕೆ ಈ ಬಾಗಿಲನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ?

ಬೀದಿಯ ತಿರುವಿನಲ್ಲಿ, ಹೆಗಲ ಮೇಲೆ ಟವಲ್ಲು ಹಾಕಿಕೊಂಡು, ಹೆಸರಿಡುವ ಮನೆಯ ಹಿರಿ ಮಗ ಕಾಣಿಸಿದ. ಎದುರು ಮನೆಗೆ ಹೋದ. ಅದರ ಪಕ್ಕದ ಮನೆಗೆ ಹೋದ. ಆಮೇಲೆ ಅಲ್ಲಿಂದ ನಮ್ಮ ಕಡೆ ತಿರುಗದೆ ದಾರಿ ಹಿಡಿದು ಮುಂದೆ ನಡೆದ. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಒಳಗೆ ಅವ್ವನ ಬಳೆಯ ಸದ್ದೂ ನಿಂತಿತು. ಅವನು ಇನ್ನೊಂದು ಮನೆಯ ಮುಂದೆ ಯಾರೊಂದಿಗೋ ಏನೋ ಮಾತಾಡಿ, ನಕ್ಕು, ತಿರುಗಿ, ಸೀದಾ ನಮ್ಮ ಜಗಲಿಯ ಮುಂದೆ ಬಂದು ನಿಂತ.

'ಚಿಕ್ಕಪ್ಪಾ, ಎಲೆ ಹಾಕೈತೆ. ಮನೆಯೋರೆಲ್ಲಾ ಏಳ್ಬೇಕಂತೆ' ಎಂದ.

ಅವನು ನಮಗೆ ನೆಂಟನಲ್ಲ. ಊರಿನ ಹುಡುಗರು ಊರಿನ ಹಿರಿಯರನ್ನು ಕರೆಯುವ ಹಾಗೆ ಕರೆದಿದ್ದ, ಅಷ್ಟೇ. ಅಪ್ಪ ಪೇಪರು ಇಳಿಸಿದರು. ಹುಡುಗ ಉತ್ತರಕ್ಕಾಗಿ ನಿಂತೇ ಇದ್ದ. ಅಪ್ಪ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಗೆ ಅವ್ವನೇ ಒಳಗಿನಿಂದ ಗಟ್ಟಿಯಾಗಿ, 'ಬತ್ತೀವಿ ಅಂತ ಹೇಳಪ್ಪಾ, ನಿಮ್ಮ ಚಿಕ್ಕಪ್ಪ ಬತ್ತಾ ಅವ್ರೆ ಅಂತ ಹೇಳು' ಎಂದಳು.